ಗಫಾರ್ ಸಾಬರು ತಟ್ಟದೆ ಹೋದ ಕೊಳವೆ

ನನ್ನ ಮೇಜಿನ ಮೇಲೆ ಕಬ್ಬಿಣದ ಕೊಳವೆಯ ಒಂದು ತುಂಡಿದೆ. ಹೆಬ್ಬೆರಳಿನಷ್ಟು ದಪ್ಪ, ಮೊಣಕೈಯ ಹಾಗೆ ಬಾಗಿದೆ, ಉದ್ದಕ್ಕೆ ಗರಗಸದಿಂದ ಸೀಳಿದ್ದು. ಕಾಗದ ಹಾರದಿರಲೆಂದು ಇಟ್ಟುಕೊಂಡಿದ್ದೇನೆ ಎಂದು ಮನೆಗೆ ಬಂದವರು ತಿಳಿಯುತ್ತಾರೆ. ನಾನೂ ಇಪ್ಪತ್ತೈದು ವರ್ಷ ಹಾಗೆಯೇ ತಿಳಿದುಕೊಂಡಿದ್ದೆ.

ಮೋಟಾರು ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಉಪಯೋಗವಾಗಲಿ ಎಂದು ನನ್ನ ಅನುಭವ ಬರೆಯಲು ಕುಳಿತಾಗ ಮೊದಲು ಮಾಡಿದ ಕೆಲಸ ಹಳೆಯ ದಿನಚರಿಗಳನ್ನು ಪೆಟ್ಟಿಗೆಯಿಂದ ತೆಗೆದದ್ದು. ನೆನಪನ್ನು ನಾನು ನಂಬುವುದಿಲ್ಲ. ಅದು ಅವಸರದ ಮೆಕ್ಯಾನಿಕ್ ಇದ್ದ ಹಾಗೆ. ಬಿಚ್ಚಿದ್ದನ್ನು ಮತ್ತೆ ಜೋಡಿಸುವಾಗ ಒಂದೆರಡು ನಟ್ಟು ಕೈಯಲ್ಲೇ ಉಳಿಸಿಕೊಂಡುಬಿಡುತ್ತದೆ, ಆದರೂ ಗಾಡಿ ಓಡುತ್ತಿರುತ್ತದೆ. ಆದ್ದರಿಂದ ದಿನಚರಿಯೇ ಸಾಕ್ಷಿ ಎಂದುಕೊಂಡಿದ್ದೆ. ಈಗ ಅದರ ಮೇಲೂ ಆ ಧೈರ್ಯ ಉಳಿದಿಲ್ಲ. ಕಾರಣ ಮುಂದೆ ಬರುತ್ತದೆ.

ಐವತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಬಿ.ಇ. ಮುಗಿಸಿದ ನಾನು ಶಿರಾದ ಒಂದು ಖಾಸಗಿ ಬಸ್ ಕಂಪನಿಯ ಷೆಡ್ಡಿಗೆ ಸೂಪರ್‌ವೈಸರ್ ಆಗಿ ಬಂದೆ. ನಮ್ಮ ಬಸ್ಸುಗಳು ಮಧುಗಿರಿ, ಕೊರಟಗೆರೆ, ಪಾವಗಡದ ಕಡೆ ಓಡುತ್ತಿದ್ದವು. ತಗಡಿನ ಷೆಡ್ಡು, ಮುಂದೆ ಒಂದು ಬೇವಿನ ಮರ, ಅದರ ಬುಡದಲ್ಲಿ ಕರಿ ಎಣ್ಣೆ ಕುಡಿದು ಕುಡಿದು ಗಟ್ಟಿಯಾದ ನೆಲ. ಮ್ಯಾನೇಜರ್ ಶಾಮಣ್ಣನವರು ಲೋವರ್ ಸೆಕೆಂಡರಿ ಓದಿದವರು. ನನ್ನ ಪದವಿಯ ಮೇಲೆ ಅವರಿಗೆ ಒಂದು ಬಗೆಯ ಪ್ರೀತಿಯ ದ್ವೇಷ. ಮೊದಲ ದಿನವೇ ನಶ್ಯ ಏರಿಸುತ್ತ ಹೇಳಿದರು: “ಪುಸ್ತಕದಾಗಿರೋ ಎಂಜಿನ್ನು ಕೆಡಾಕಿಲ್ಲ ಕಣಯ್ಯಾ. ಕೆಟ್ಟಿರೋವೆಲ್ಲ ಹೊರಗೆ ನಿಂತವೆ, ಮಾತಾಡಿಸ್ಕಂಡ್ ಬಾ ಹೋಗು.” ಆಮೇಲೆ ಅಲ್ಲಿದ್ದಷ್ಟು ಕಾಲವೂ ನಾನು ಅವರಿಗೆ ‘ಬಿ.ಇ. ಸ್ವಾಮಿ’.

ಷೆಡ್ಡಿನ ಬೆಸುಗೆ ಕೆಲಸ ಅಬ್ದುಲ್ ಗಫಾರ್ ಸಾಬರದ್ದು. ಐವತ್ತು ದಾಟಿದವರು, ಒಣಕಲು ಮೈ. ಗಡ್ಡದ ಎಡಭಾಗ ಕಿಡಿ ಹಾರಿ ಹಾರಿ ಯಾವಾಗಲೂ ಅರ್ಧ ಸುಟ್ಟಿರುತ್ತಿತ್ತು. ಕಾರ್ಬೈಡ್ ಕಲ್ಲಿಗೆ ನೀರು ಬಿಟ್ಟು ಗ್ಯಾಸ್ ಎಬ್ಬಿಸುವ ಡ್ರಮ್ಮು, ಒಂದು ಸಿಲಿಂಡರು, ಕಪ್ಪು ಕನ್ನಡಕ. ಇಷ್ಟೇ ಅವರ ಸಾಮಾನು. ಅವರು ಹಾಕಿದ ಬೆಸುಗೆ ಬಿಟ್ಟದ್ದನ್ನು ಕಂಡವರಿಲ್ಲ ಎಂಬುದು ನಾಲ್ಕು ತಾಲ್ಲೂಕಿನ ಡ್ರೈವರುಗಳ ಮಾತು. ಮದುವೆಯಲ್ಲಿ ಅಕ್ಷತೆ ಹಾಕುವಾಗ “ಗಫಾರ್ ಸಾಬರ ಬೆಸುಗೆಯಂಗಿರ್ರಪ್ಪ” ಎಂದು ನಮ್ಮ ಕಂಡಕ್ಟರೊಬ್ಬ ಹರಸಿದ್ದನ್ನು ನಾನೇ ಕೇಳಿದ್ದೇನೆ. ಆ ಹೆಸರು ಬಿಟ್ಟರೆ ಅವರಿಗೆ ಬೇರೆ ಆಸ್ತಿಯಿರಲಿಲ್ಲ. ಅಳಿಯ ರಹೀಮನಿಗೆ ಮನೆಯಂಗಳದಲ್ಲೇ ಕೆಲಸ ಕಲಿಸಿ, ತಮ್ಮ ನಂತರ ಷೆಡ್ಡಿಗೆ ಸೇರಿಸಬೇಕೆಂದಿದ್ದರು. ಶಾಮಣ್ಣನವರೂ ಆಗಲಿ ಎಂದಿದ್ದರು.

ಅವರದೊಂದು ಪದ್ಧತಿ ಇತ್ತು. ಯಾವ ಕೊಳವೆಗೇ ಆಗಲಿ ಬೆಸುಗೆ ಹಾಕಿದ ಮೇಲೆ ಅದನ್ನು ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸುತ್ತಿದ್ದರು. ಮಾರನೆಯ ಬೆಳಿಗ್ಗೆ ಕೈಗೆತ್ತಿಕೊಂಡು ಒಂದು ಬಾಯಿಗೆ ಕಿವಿ ಕೊಟ್ಟು, ಹುಣಸೆಯ ಸಣ್ಣ ಕೋಲಿನಿಂದ ಮೂರು ಸಲ ತಟ್ಟುವರು. ಬೆಸುಗೆಯ ಹತ್ತಿರ ಒಂದು, ಬಾಗಿನಲ್ಲಿ ಒಂದು, ಇನ್ನೊಂದು ಬಾಯಿಯ ಹತ್ತಿರ ಒಂದು. ಮೆಲ್ಲಗೆ “ಬೋಲ್ ಬೇಟಾ, ಬೋಲ್”, ಮಾತಾಡು ಮಗನೇ ಮಾತಾಡು, ಅನ್ನುವರು. ಆಮೇಲೆಯೇ ಅದನ್ನು ನಮ್ಮ ಕೈಗೆ ಕೊಡುವುದು. ಡ್ರೈವರುಗಳು ಅದನ್ನು ಮಂತ್ರವೆಂದೇ ನಂಬಿದ್ದರು. ಹೊಸ ಹಾರನ್ನನ್ನೂ ತಂದು ತಟ್ಟಿಸಿಕೊಂಡು ಹೋದವರುಂಟು. ಸಾಬರು ಬೇಡ ಅನ್ನದೆ ತಟ್ಟಿ ಕೊಡುತ್ತಿದ್ದರು. ನಾನು ಒಮ್ಮೆ ಇದೇನು ಎಂದು ಕೇಳಿದ್ದೆ. “ಇದು ಕಿವಿಯಾಗೆ ನೋಡೋ ಕೆಲ್ಸ ಸಾಬ್. ನೀವು ಕಣ್ಣಾಗೆ ಓದಿರೋರು,” ಎಂದು ನಕ್ಕರು. ನಾನೂ ನಕ್ಕೆ. ಮೂಢನಂಬಿಕೆಗೆ ಒಳ್ಳೆಯ ಜಾಣ ಉತ್ತರ ಎಂದು ಅಂದಿನ ದಿನಚರಿಯಲ್ಲಿ ಬರೆದಿದ್ದೇನೆ.

ನನ್ನ ಮೊದಲ ದೊಡ್ಡ ಎಡವಟ್ಟು ಕೊರಟಗೆರೆಯ ಬಸ್ಸಿನದು. ಅದರ ಎಣ್ಣೆ ಕೊಳವೆಗೆ ಹೋಸ್ ಸೇರುವ ಜಾಗದಲ್ಲಿ ನಿಪ್ಪಲ್, ಅಂದರೆ ಹೋಸ್ ಸಿಕ್ಕಿಸುವ ಗಿಡ್ಡ ಕೊಳವೆ, ಮುರಿದಿತ್ತು. ಬೆಸೆದುಬಿಡೋಣ ಎಂದರು ಸಾಬರು. ಮುಂದೆ ಬಿಚ್ಚಲು ಅನುಕೂಲವಿರಬೇಕೆಂದು ನಾನು ತಿರುಗಿಸಿ ಕೂರಿಸುವ ಥ್ರೆಡ್ಡಿನದೇ ಬೇಕೆಂದು ಹಟ ಹಿಡಿದೆ. ಪುಸ್ತಕ ಹಾಗೆ ಹೇಳುತ್ತಿತ್ತು. ನಮ್ಮ ರಸ್ತೆಗಳನ್ನು ಆ ಪುಸ್ತಕ ಕಂಡಿರಲಿಲ್ಲ. ಮೂರೇ ದಿನಕ್ಕೆ ಥ್ರೆಡ್ಡು ಅದುರಿ ಅದುರಿ ತಾನೇ ಬಿಚ್ಚಿಕೊಂಡು, ಸಿದ್ದರಬೆಟ್ಟದ ತಪ್ಪಲಲ್ಲಿ ಎಂಜಿನ್ನಿನ ಎಣ್ಣೆಯೆಲ್ಲ ರಸ್ತೆಗೆ ಹರಿಯಿತು. ಬೆಟ್ಟಕ್ಕೆ ಹೊರಟಿದ್ದವರು ನಡೆದೇ ಹೋದರು. ನಾನು ತಲುಪುವ ಹೊತ್ತಿಗೆ ಒಬ್ಬ ಮುದುಕ ಆ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ತನ್ನ ಗಾಡಿಯ ಅಚ್ಚಿಗೆ ಬಳಿದುಕೊಳ್ಳುತ್ತಿದ್ದ. “ಸಿದ್ದಪ್ಪಂಗೆ ಎಣ್ಣೆ ಸೇವೆ ಮಾಡಿಸ್ದ ನಮ್ಮ ಬಿ.ಇ. ಸ್ವಾಮಿ,” ಎಂದು ಶಾಮಣ್ಣನವರು ವಾರವಿಡೀ ಹೇಳಿಕೊಂಡು ತಿರುಗಿದರು.

ಆಮೇಲೆ ನಾನು ಸಾಬರ ಹತ್ತಿರ ಕುಳಿತು ಕಲಿತೆ. ಈಗ ಎಲ್ಲವೂ ಡಬ್ಬಿಯಲ್ಲಿ ಸಿದ್ಧವಾಗಿ ಬರುತ್ತದೆ, ಆದರೂ ಹೇಳುತ್ತೇನೆ. ಬೆಸೆಯುವ ನಿಪ್ಪಲ್ಲು ಯಾವ ಲೋಹಕ್ಕೆ ಸೇರಬೇಕೋ ಅದೇ ಲೋಹದ್ದಾಗಿರಬೇಕು. ಎಣ್ಣೆ ಆರಿಸುವ ಉಕ್ಕಿನ ಕೂಲರಿಗೆ ಅಂದವಾಗಿದೆಯೆಂದು ಹಿತ್ತಾಳೆ ಹಚ್ಚಬಾರದು. ನೀರಿನ ನಲ್ಲಿಯ ಬಿಳಿ ಪೈಪು ಕೈಗೆ ಸುಲಭವಾಗಿ ಸಿಗುತ್ತದೆ. ಅದನ್ನು ಮಾತ್ರ ಮುಟ್ಟಬಾರದು. ಅದರ ಮೇಲಿನ ಸತು ಉರಿದು ಬೆಸುಗೆಯಲ್ಲಿ ತೂತು ಬಿಡುತ್ತದೆ, ಆ ಹೊಗೆ ಕುಡಿದವನಿಗೆ ಜ್ವರ ಬರುತ್ತದೆ. ಗೋಡೆ ತೀರ ತೆಳುವಾಗಿದ್ದರೆ ಜ್ವಾಲೆಗೆ ಕರಗುತ್ತದೆ. ದಪ್ಪವಾಗಿದ್ದರೆ ಕಾವನ್ನೆಲ್ಲ ಅದೇ ನುಂಗಿ, ಕೂಲರಿನ ಕಡೆ ಬೆಸುಗೆ ಬರೀ ಮೇಲೆ ಕೂರುತ್ತದೆ. ಒಳಗಿನ ತೂತು ಹಳೆಯದಕ್ಕಿಂತ ಒಂದು ಕೂದಲಷ್ಟೂ ಕಿರಿದಾಗಬಾರದು. ಹೋಸ್ ಸಿಕ್ಕಿಸುವ ತುದಿಯಲ್ಲಿ ಒಂದು ಉಬ್ಬು ಬಳೆ ಇರಲೇಬೇಕು. ಅದಿಲ್ಲದಿದ್ದರೆ ಬಿಸಿ ಎಣ್ಣೆಗೆ ರಬ್ಬರು ಮೆತ್ತಗಾದಾಗ ಎಷ್ಟು ಬಿಗಿಯಾದ ಕ್ಲಿಪ್ಪಿದ್ದರೂ ಹೋಸ್ ಜಾರುತ್ತದೆ.

ಈ ಕೊನೆಯ ಮಾತು ನನಗೆ ಚೆನ್ನಾಗಿ ಅರ್ಥವಾದದ್ದು ಡಾಕ್ಟರಮ್ಮನ ಕಾರಿನಿಂದ.

ಮಧುಗಿರಿಯ ಒಂದು ಧರ್ಮಾಸ್ಪತ್ರೆಯಲ್ಲಿ ಹೆರಿಗೆ ನೋಡುವ ಡಾಕ್ಟರಮ್ಮ ಇದ್ದರು. ಪ್ರತಿ ಶನಿವಾರ ಪಾವಗಡಕ್ಕೆ ಹೋಗಿ ಬರುವರು. ಅವರಿಗಾಗಿ ನಮ್ಮ ಕಂಪನಿಯ ಧಣಿಗಳು ದೊಡ್ಡದೊಂದು ಹಳೆಯ ವಿದೇಶಿ ಕಾರು, ಜೊತೆಗೆ ಡ್ರೈವರನ್ನೂ ಕೊಟ್ಟಿದ್ದರು. ಡ್ರೈವರ್ ನರಸಿಂಹಪ್ಪ ನಾಗಲಮಡಿಕೆಯ ಕಡೆಯವನು. ಅರ್ಧ ಕನ್ನಡ ಅರ್ಧ ತೆಲುಗು ಮಾತಾಡುವ ಹೆದರುಪುಕ್ಕ, ಆದರೆ ಎಚ್ಚರದ ಮನುಷ್ಯ. ನಮ್ಮ ಬಿಸಿಲಿಗೆ ಆ ಕಾರಿನ ಎಣ್ಣೆ ನೀರಾಗುತ್ತಿತ್ತು. ಆದ್ದರಿಂದ ಮಿಲಿಟರಿ ಗುಜರಿಯಿಂದ ತಂದ ಒಂದು ಉಕ್ಕಿನ ಆಯಿಲ್ ಕೂಲರನ್ನು ರೇಡಿಯೇಟರಿನ ಮುಂದೆ ಕೂರಿಸಿದ್ದೆವು. ಎಂಜಿನ್ನಿನಿಂದ ಎಣ್ಣೆ ಒಂದು ಹೋಸಿನಲ್ಲಿ ಬಂದು, ಅಲ್ಲಿ ಆರಿ, ಇನ್ನೊಂದು ಹೋಸಿನಲ್ಲಿ ಬೇರಿಂಗುಗಳಿಗೆ ಹಿಂದಿರುಗಬೇಕು.

ಮಿಡಿಗೇಶಿ ದಾಟಿದ ಮೇಲೆ ಪಾವಗಡದ ದಾರಿಯಲ್ಲಿ ಒಂದು ತಿರುವು ಇತ್ತು. ರಸ್ತೆಗೆ ಒತ್ತಿಕೊಂಡು ಆನೆ ಗಾತ್ರದ ಮೂರು ಗುಂಡುಗಳು. ಒಂದರ ಮೇಲೊಂದು ಇಟ್ಟಂತಲ್ಲ, ಮೂವರು ಕುಳಿತು ಮಾತಾಡುತ್ತಿದ್ದವರು ನಮ್ಮನ್ನು ಕಂಡು ಸುಮ್ಮನಾದಂತೆ. ಡ್ರೈವರುಗಳು ಅದನ್ನು ಮೂರು ಗುಂಡಿನ ತಿರುವು ಅನ್ನುತ್ತಿದ್ದರು. ಹಾರನ್ ಹೊಡೆಯದೆ ದಾಟುತ್ತಿರಲಿಲ್ಲ, ಎದುರಿಗೆ ಯಾರೂ ಇಲ್ಲದಿದ್ದರೂ.

ಆ ಬೇಸಿಗೆಯಲ್ಲಿ ಎರಡು ಶನಿವಾರ, ಸರಿಯಾಗಿ ಆ ತಿರುವಿನಲ್ಲೇ, ಕೂಲರಿನ ಹೋಸ್ ಕಳಚಿ ಎಣ್ಣೆ ಚೆಲ್ಲಿತು. ಮೊದಲ ಸಲ ಬೇರಿಂಗು ಸುಟ್ಟು ಎಂಜಿನ್ ಬಿಚ್ಚಬೇಕಾಯಿತು. ಎರಡನೆಯ ಸಲ ನರಸಿಂಹಪ್ಪ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಬಿದ್ದದ್ದನ್ನು ನೋಡಿ ತಕ್ಷಣ ನಿಲ್ಲಿಸಿದ. ಆದರೆ ಪಾವಗಡದಲ್ಲಿ ಕಾಯುತ್ತಿದ್ದ ಒಬ್ಬ ಬಾಣಂತಿ ಡಾಕ್ಟರಮ್ಮ ತಲುಪುವ ಮೊದಲೇ ತೀರಿಕೊಂಡಿದ್ದಳು. ಶಾಮಣ್ಣನವರು ಎಲ್ಲರ ಮುಂದೆ ನರಸಿಂಹಪ್ಪನಿಗೆ ಹೇಳಿದರು, ಇನ್ನೊಂದು ಸಲ ಆ ಕಾರು ನಿಂತರೆ ನೀನು ಮನೆಗೆ ನಡಿ. ಅವನು ನನ್ನ ಹತ್ತಿರ ಬಂದು ನಿಂತ.

“ಆ ಮಲುಪಿನಾಗೆ ಏನೋ ಐತೆ ಸಾರ್. ನಾ ಬಂದ್ರೆ ಗೊತ್ತಾಗ್ತದೆ ಅದಕ್ಕೆ. ಪಿಲ್ಲಲು, ಸಣ್ಣ ಮಕ್ಳು ಅವರೆ ಸಾರ್ ಮನ್ಯಾಗೆ, ನೀವೇ ಏನಾದ್ರೂ ಚೇಸಿ ಕೊಡ್ರಿ.”

ಅಲ್ಲಿ ಏನೂ ಇಲ್ಲ ಎಂದು ನಾನು ವಿವರಿಸಿದೆ. ಮಧುಗಿರಿಯಿಂದ ಅಷ್ಟು ದೂರ ಏರು ಹತ್ತುವ ಹೊತ್ತಿಗೆ ಎಣ್ಣೆಯ ಕಾವು ತುದಿ ಮುಟ್ಟುತ್ತದೆ, ರಬ್ಬರು ಮೆತ್ತಗಾಗುತ್ತದೆ, ಉಬ್ಬು ಬಳೆಯಿಲ್ಲದ ನಿಪ್ಪಲ್ಲಿನಿಂದ ಜಾರುತ್ತದೆ, ಅಷ್ಟೇ. ಸರಿಯಾದ ವಿವರಣೆಯೇ. ಈಗಲೂ ಅದನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ.

ಕೂಲರನ್ನು ಇಳಿಸಿ ಹಳೆಯ ನಿಪ್ಪಲ್ಲುಗಳನ್ನು ಕತ್ತರಿಸಿದೆವು. ನೇರ ನಿಪ್ಪಲ್ ಬೆಸೆದರೆ ಹೋಸ್ ರೇಡಿಯೇಟರಿನ ಪಕ್ಕದಲ್ಲಿ ಗಕ್ಕನೆ ತಿರುಗಬೇಕಾಗುತ್ತಿತ್ತು, ಬಿಸಿಗೆ ಮಡಚಿಕೊಳ್ಳುತ್ತಿತ್ತು. ಆದ್ದರಿಂದ ಬಾಗಿದ ಎರಡು ಮೊಣಕೈಗಳೇ ಆಗಬೇಕೆಂದು ನಾನು ಆರಿಸಿದೆ. ಉಬ್ಬು ಬಳೆ ಇರುವ ಉಕ್ಕಿನವು. ಉಕ್ಕಿನ ಕೊಳವೆಯನ್ನು ಬರಿದೆ ಬಾಗಿಸಿದರೆ ಬಾಗಿನಲ್ಲಿ ಚಪ್ಪಟೆಯಾಗುತ್ತದೆ. ಹೊಳೆಯ ಸಣ್ಣ ಮರಳನ್ನು ಒಣಗಿಸಿ, ಒಳಗೆ ಗಿಡಿದು, ಎರಡೂ ಬಾಯಿಗೆ ಮರದ ಬೆಣೆ ಹೊಡೆದು, ಕೆಂಪಗೆ ಕಾಯಿಸಿ ಬಾಗಿಸಬೇಕು. ಆಮೇಲೆ ಮರಳನ್ನು ಸುರಿದುಬಿಡಬೇಕು. ಗಫಾರ್ ಸಾಬರು ಸೋಮವಾರ ಎರಡನ್ನೂ ಬಾಗಿಸಿ, ಸುರಿದು, ಕೂಲರಿಗೆ ಬೆಸೆದರು. ಅಷ್ಟೊಂದು ಸಪೂರವಾದ ಬೆಸುಗೆಯನ್ನು ನಾನು ಆಮೇಲೆ ಕಂಡಿಲ್ಲ. ಅಂದಿನ ದಿನಚರಿಯಲ್ಲಿದೆ: ‘ಗಫಾರ್ ಸಾಬರಿಗೆ ಜ್ವರ. ಬೂದಿಯಲ್ಲಿಟ್ಟು ಬೇಗ ಮನೆಗೆ ಹೋದರು.’

ಮಂಗಳವಾರ ಅವರು ಬರಲಿಲ್ಲ. ಬುಧವಾರ ಸಂಜೆ ತೀರಿಹೋದರು. ಗುರುವಾರ ಬೆಳಿಗ್ಗೆ ಮಣ್ಣು ಮಾಡಿದೆವು. ‘ಮಾಡಿದೆವು’ ಎಂದು ಬರೆದಿದ್ದೇನೆ. ನಾನೂ ಹೋಗಿದ್ದೆ, ಮೂರು ಹಿಡಿ ಮಣ್ಣು ಹಾಕಿದ್ದೆ.

ಶುಕ್ರವಾರ ಷೆಡ್ಡಿನಲ್ಲಿ ಬೆಸುಗೆ ಕೆಲಸ ಇರುತ್ತಿರಲಿಲ್ಲ. ಅದು ಸಾಬರು ಜುಮ್ಮಾ ನಮಾಜಿಗೆ ಮಸೀದಿಗೆ ಹೋಗುವ ದಿನ. ಅವರಿಲ್ಲದಿದ್ದರೂ ಆ ಮೂಲೆ ಎಂದಿನ ಶುಕ್ರವಾರದಂತೆಯೇ ಇತ್ತು. ಮಾರನೆಯ ದಿನ ಡಾಕ್ಟರಮ್ಮ ಪಾವಗಡಕ್ಕೆ ಹೋಗಲೇಬೇಕು. ಮಧ್ಯಾಹ್ನ ಬೂದಿಯಿಂದ ಕೂಲರನ್ನು ತೆಗೆದೆ. ಒಂದು ಬಾಯಿಗೆ ಸೀಮೆಎಣ್ಣೆ ಸುರಿದೆ, ಇನ್ನೊಂದು ಬಾಯಿಂದ ಬಂತು. ಕೂರಿಸಿದೆ. ಎಲ್ಲ ಸರಿಯಿತ್ತು. ನನ್ನ ನೆನಪಿನಲ್ಲಿ ಆ ದಿನ ಇಷ್ಟೇ ಇದೆ. ಷೆಡ್ಡಿನಲ್ಲಿ ನಾನೊಬ್ಬನೇ ಇದ್ದೆ.

ಶನಿವಾರ ನಾನೂ ಕಾರಿನಲ್ಲಿ ಹೊರಟೆ. ನರಸಿಂಹಪ್ಪನ ಪಕ್ಕದಲ್ಲಿ ನಾನು, ಹಿಂದಿನ ಸೀಟಿನಲ್ಲಿ ಡಾಕ್ಟರಮ್ಮ. ಮಿಡಿಗೇಶಿ ದಾಟುವಾಗ ಹೊತ್ತು ನೆತ್ತಿಗೆ ಬಂದಿತ್ತು. ಮೂರು ಗುಂಡುಗಳ ನೆರಳು ಅವುಗಳ ಬುಡಕ್ಕೇ ಸರಿದು ಮಾಯವಾಗಿತ್ತು. ಕಾಗೆಯೂ ಇಲ್ಲ, ಗಾಳಿಯೂ ಇಲ್ಲ. ನರಸಿಂಹಪ್ಪ ಹಾರನ್ ಹೊಡೆದ. ಬಂಡೆಗಳಿಂದ ಮರುದನಿ ಬರಬೇಕಾಗಿತ್ತು, ಬರಲಿಲ್ಲ. ಇದು ನೆನಪಿನ ಮಾತು, ದಿನಚರಿಯಲ್ಲಿಲ್ಲ.

ತಿರುವಿನ ನಡುವೆ ನನಗೆ ತಟ್ಟುವ ಸದ್ದು ಕೇಳಿಸಿತು. ಟಕ್. ಸ್ವಲ್ಪ ಬಿಟ್ಟು ಟಕ್. ಮತ್ತೆ ಟಕ್. ಅವಸರವಿಲ್ಲದ್ದು, ಒಂದೊಂದು ತಟ್ಟಿಗೂ ಉತ್ತರ ಕಾಯುವಂತೆ. ಕಾರು ನಿಲ್ಲಿಸಲು ಡಾಕ್ಟರಮ್ಮ ತಟ್ಟುತ್ತಿದ್ದಾರೆ ಎಂದು ನಾನು ಹಿಂದೆ ತಿರುಗಿದೆ. ಅಷ್ಟರಲ್ಲಿ ನರಸಿಂಹಪ್ಪ ಬ್ರೇಕ್ ಒತ್ತಿ ಎಂಜಿನ್ ಆರಿಸಿದ್ದ.

“ಯಾಕೆ ತಟ್ಟಿದ್ರಿ ಸಾರ್?” ಎಂದು ನನ್ನನ್ನೇ ಕೇಳಿದ.

“ನಾನು ತಟ್ಟಲಿಲ್ಲ.”

ಡಾಕ್ಟರಮ್ಮ ತಮ್ಮ ಪಕ್ಕದ ಬಾಗಿಲನ್ನೇ ನೋಡುತ್ತಿದ್ದರು. “ಹೊರಗಿನಿಂದ ಯಾರೋ ತಟ್ಟಿದರಲ್ಲ,” ಎಂದರು. ಅವರು ಸುಲಭಕ್ಕೆ ಹೆದರುವ ಹೆಂಗಸಲ್ಲ. ಬಾಗಿಲು ತೆಗೆದು ಇಳಿದು ನೋಡಿದರು. ರಸ್ತೆಯ ಎರಡು ಕಡೆಗೂ ಕಣ್ಣು ಹಾಯುವಷ್ಟು ದೂರ ಬರೀ ಬಿಸಿಲು.

ಎಣ್ಣೆ ಒತ್ತಡದ ಮುಳ್ಳು ಅರ್ಧಕ್ಕಿಂತ ಕೆಳಗೆ ಬಿದ್ದಿದ್ದನ್ನು ಎಂಜಿನ್ ಆರಿಸುವ ಮೊದಲು ಕಂಡೆನೆಂದು ನರಸಿಂಹಪ್ಪ ಹೇಳಿದ. ಆದರೆ ಅವನು ನಿಲ್ಲಿಸಿದ್ದು ಮುಳ್ಳು ನೋಡಿಯಲ್ಲ, ಸದ್ದು ಕೇಳಿ. ಹೋಸುಗಳು ಇದ್ದಲ್ಲೇ ಇದ್ದವು, ಒಂದು ಹನಿಯೂ ಸೋರಿರಲಿಲ್ಲ. ಹಾಗಾದರೆ ಒಳಗೆಲ್ಲೋ ಕಟ್ಟಿದೆ. ನನ್ನ ಚೀಲದಲ್ಲಿ ನೇರ ಕೊಳವೆಯ ಒಂದು ತುಂಡಿತ್ತು. ಎರಡು ಹೋಸುಗಳನ್ನೂ ಕೂಲರಿನಿಂದ ಬಿಡಿಸಿ, ಆ ತುಂಡಿನಿಂದ ಒಂದಕ್ಕೊಂದು ಸೇರಿಸಿ, ಕೂಲರನ್ನು ಬಿಟ್ಟು ಎಣ್ಣೆ ಹರಿಯುವಂತೆ ಮಾಡಿದೆ. ಮುಳ್ಳು ಮೇಲೆದ್ದಿತು. ಎತ್ತಿನ ಗಾಡಿಯ ವೇಗದಲ್ಲಿ ಪಾವಗಡ ಸೇರಿದೆವು. ಡಾಕ್ಟರಮ್ಮ ಅಂದು ಎರಡು ಹೆರಿಗೆ ಮಾಡಿಸಿದರು. ಎರಡೂ ಕೂಸುಗಳು ಉಳಿದವು.

ಸೋಮವಾರ ಶಾಮಣ್ಣನವರ ಎದುರಿಗೇ, ಎಣ್ಣೆ ಹೊರಹೋಗುವ ಕಡೆಯ ಮೊಣಕೈಯನ್ನು ಕತ್ತರಿಸಿ ಉದ್ದಕ್ಕೆ ಸೀಳಿದೆ. ಬಾಗಿನ ಒಳಗೋಡೆಗೆ ಕಾವಿಗೆ ಸುಟ್ಟು ಕರಿಕಾದ ಮರಳಿನ ಗಂಟೊಂದು ಅಂಟಿಕೊಂಡಿತ್ತು. ಅವರೆಕಾಳಿನಷ್ಟು ದಪ್ಪ. ಬಿಸಿ ಎಣ್ಣೆಗೆ ಅದರ ಒಂದು ಕಡೆ ಆಗಲೇ ಬಿಟ್ಟುಕೊಂಡು ಎದ್ದು ದಾರಿಗೆ ಅಡ್ಡ ನಿಂತಿತ್ತು. ಇನ್ನೊಂದು ಮೈಲಿ ಓಡಿದ್ದರೆ ಒಡೆದು ನೇರವಾಗಿ ಬೇರಿಂಗಿಗೆ ಹೋಗುತ್ತಿತ್ತು. ತೆಳ್ಳಗಿನ ಸೀಮೆಎಣ್ಣೆ ಅದರ ಪಕ್ಕದಿಂದ ನುಸುಳಿ ಬಂದಿತ್ತು; ಅದನ್ನು ನೋಡಿಯೇ ನಾನು ಕೊಳವೆ ಚೊಕ್ಕಟವೆಂದಿದ್ದೆ. ಇನ್ನೊಂದು ಮೊಣಕೈಯನ್ನು ಸುಮ್ಮನೆ ಕೋಲಿನಿಂದ ತಟ್ಟಿದೆ. ಅದು ಪೂಜೆಯ ಗಂಟೆಯಂತೆ ಮೊಳಗಿತು. ಖಾಲಿ ಕೊಳವೆ ಮಾತಾಡುತ್ತದೆ, ಮರಳು ಕಚ್ಚಿದ ಕೊಳವೆ ಮಾತಾಡುವುದಿಲ್ಲ. ಆರು ವರ್ಷ ದಿನವೂ ಕಣ್ಣೆದುರು ನಡೆದ ತಪಾಸಣೆಯನ್ನು ನಾನು ಮಂತ್ರವೆಂದುಕೊಂಡಿದ್ದೆ.

“ಯಾರ ತಪ್ಪಯ್ಯಾ ಇದು?” ಎಂದರು ಶಾಮಣ್ಣನವರು.

ನರಸಿಂಹಪ್ಪ ಬೇವಿನ ಮರದ ಕೆಳಗೆ ಕೈಕಟ್ಟಿ ನಿಂತಿದ್ದ. ಕಾರು ಮೂರನೆಯ ಸಲ ನಿಂತಿತ್ತು. ಯಾರೋ ಒಬ್ಬರು ಹೊಣೆ ಹೊರಲೇಬೇಕಾಗಿತ್ತು. ನಾನು ಹೇಳಿದೆ: ಡ್ರೈವರು ಎಚ್ಚರದಿಂದ ನಿಲ್ಲಿಸಿದ್ದಕ್ಕೆ ಎಂಜಿನ್ ಉಳಿಯಿತು. ಕೊಳವೆ ಗಫಾರ್ ಸಾಬರ ಕೈಯಲ್ಲಿ ಆದದ್ದು.

ಎರಡೂ ನಿಜವೇ. ತೀರಿಹೋದವರಿಗೆ ಇನ್ನು ಯಾವ ಕೆಲಸ ಹೋಗಬೇಕಾಗಿದೆ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ. ಹೊರಬಿಡುವ ಮುನ್ನ ತಪಾಸಣೆ ಮಾಡಬೇಕಾದವನು ನಾನು ಎಂಬ ಮಾತು ನಾಲಿಗೆಯವರೆಗೆ ಬಂದು ಅಲ್ಲೇ ನಿಂತಿತು. ಶಾಮಣ್ಣನವರು ನಶ್ಯ ಏರಿಸುತ್ತ, “ಮುದುಕಂಗೆ ಕೊನೆಗೆ ಕೈ ಕೆಟ್ಟೋಯ್ತು ಬುಡು,” ಎಂದರು. ನರಸಿಂಹಪ್ಪನ ಕೆಲಸ ಉಳಿಯಿತು. ಆ ಮಾತು ಮಾತ್ರ ಷೆಡ್ಡಿನಿಂದ ಬಸ್ಸು ಹತ್ತಿ ನಾಲ್ಕು ತಾಲ್ಲೂಕಿಗೂ ಹೋಯಿತು. ಡಾಕ್ಟರಮ್ಮನ ಜೀವ ತೆಗೆಯುವುದರಲ್ಲಿದ್ದ ಬೆಸುಗೆ ಎಂದು ಜನ ಬೆಳೆಸಿದರು. ಮುಂದಿನ ತಿಂಗಳು ರಹೀಮ್ ಕೆಲಸ ಕೇಳಿಕೊಂಡು ಬಂದಾಗ ಶಾಮಣ್ಣನವರು ಅವನನ್ನು ಬಾಗಿಲಲ್ಲೇ ತಿರುಗಿಸಿ ಕಳುಹಿಸಿದರು. ನಾನು ಒಳಗೆ ರಿಜಿಸ್ಟರು ನೋಡುತ್ತಿದ್ದೆ. ತಲೆಯೆತ್ತಲಿಲ್ಲ.

ಆಮೇಲೆ ಷೆಡ್ಡಿಗೆ ವಿದ್ಯುತ್ ಬೆಸುಗೆ ಬಂತು. ಬೆಂಗಳೂರಿನಿಂದ ಸಿದ್ಧ ಮೊಣಕೈಗಳು ಬಂದವು. ಮರಳು ತುಂಬುವ ಕೆಲಸವೇ ಹೋಯಿತು. ನಾನು ಬೇರೆ ಊರುಗಳಿಗೆ ಹೋದೆ. ಎಲ್ಲಿ ಹೋದರೂ ಕೊಳವೆಯನ್ನು ತಟ್ಟಿ ನೋಡದೆ ಹೊರಬಿಟ್ಟವನಲ್ಲ. ಕೇಳಿದವರಿಗೆ ನನ್ನದೇ ಕ್ರಮವೆಂದು ಹೇಳುತ್ತಿದ್ದೆ. ಆ ಮೂರು ತಟ್ಟುಗಳ ಬಗ್ಗೆಯೂ ಒಂದು ವಿವರಣೆ ಹೊಂದಿಸಿಕೊಂಡಿದ್ದೆ. ಎಣ್ಣೆ ಸಾಲದ ಬೇರಿಂಗು ಮೊದಲು ಹಾಗೆಯೇ ಬಡಿಯುತ್ತದೆ. ತಗಡಿನ ಮೈಯಲ್ಲಿ ಸದ್ದು ಓಡಿ ಬಾಗಿಲಲ್ಲಿ ಕೇಳಿಸುತ್ತದೆ. ಬೇರಿಂಗು ಮೂರೇ ಸಲ ಎಣಿಸಿ ಬಡಿದು ನಿಲ್ಲುವುದಿಲ್ಲ ಎಂಬುದು ಗೊತ್ತಿದ್ದೂ.

ಕಳೆದ ವರ್ಷ ಇದನ್ನು ಬರೆಯಲೆಂದು ಆ ದಿನಚರಿಯನ್ನು ತೆರೆದೆ. ಗುರುವಾರದ್ದಿದೆ: ಮಣ್ಣು ಮಾಡಿದ್ದು. ಅದರ ಕೆಳಗೆ ಶುಕ್ರವಾರ:

‘ಮಧ್ಯಾಹ್ನ ಡಾಕ್ಟರಮ್ಮನ ಕಾರಿಗೆ ಕೂಲರ್ ಕೂರಿಸಿದೆ. ಸೀಮೆಎಣ್ಣೆ ಹಾಯಿಸಿ ನೋಡಿದೆ, ಸಲೀಸು. ಗಫಾರ್ ಸಾಬರು ಬಂದು ಮೂರು ಸಲ ತಟ್ಟಿದರು. ಹೊರಹೋಗುವ ಕಡೆಯದು ಮಾತಾಡುತ್ತಿಲ್ಲ ಅಂದರು. ಹೊತ್ತಾಗಿದೆ, ಇರಲಿ ಅಂದೆ. ಊಟಕ್ಕೆ ಹುರುಳಿ ಸಾರು.’

ನನ್ನದೇ ಅಕ್ಷರ. ಬರೆದ ನೆನಪು ಎಳ್ಳಷ್ಟೂ ಇಲ್ಲ. ಆಮೇಲೆ ಸೇರಿಸಿದ್ದಿರಬಹುದೇ ಎಂದು ಭೂತಗನ್ನಡಿ ಹಿಡಿದು ನೋಡಿದೆ. ಅದೇ ಶಾಯಿ, ಅದೇ ಓಟ. ಕೆಳಗಿನ ಸಾಲಿನಿಂದಲೇ ಶನಿವಾರ ಶುರುವಾಗುತ್ತದೆ, ತುರುಕಲು ಜಾಗವಿಲ್ಲ. ಬೆಸುಗೆ ಹಾಕಿದ ಸೋಮವಾರ ಸಾಬರು ಆಡಿದ ಮಾತನ್ನು ಶುಕ್ರವಾರ ನೆನೆದು ಬರೆದಿರಬೇಕು ಎಂದುಕೊಂಡೆ. ಇಲ್ಲವೆ ಶುಕ್ರವಾರದ್ದನ್ನೂ ಶನಿವಾರವೇ, ಹೆದರಿಕೆಯಲ್ಲಿ ಬರೆದಿರಬೇಕು. ಎರಡು ದಿನದ್ದನ್ನು ಒಟ್ಟಿಗೆ ಬರೆಯುವ ದುರಭ್ಯಾಸ ನನಗಿತ್ತು. ಆದರೆ ಶನಿವಾರವಿನ್ನೂ ನಾನು ಕೊಳವೆ ಸೀಳಿರಲಿಲ್ಲ. ಹೊರಹೋಗುವ ಕಡೆಯದೇ ಎಂದು ನನಗೆ ಹೇಗೆ ಗೊತ್ತಾಯಿತು?

ವಾರಗಟ್ಟಲೆ ಇದೇ ಯೋಚನೆಯಾಯಿತು. ಕೊನೆಗೆ ನನ್ನನ್ನು ಕಾಡಿದ್ದು ತೀರಿಹೋದವರು ಬಂದರೇ ಎಂಬ ಪ್ರಶ್ನೆಯಲ್ಲ. ಬದುಕಿದ್ದಾಗ ಹೇಳಿದ್ದರೂ, ಸತ್ತ ಮೇಲೆ ಹೇಳಿದ್ದರೂ, ಯಾರೋ ನನಗೆ ಹೇಳಿದ್ದರು. ನಾನು ‘ಇರಲಿ’ ಎಂದಿದ್ದೆ. ಆಮೇಲೆ ಬಾಯಿಲ್ಲದವರ ಮೇಲೆ ಹೊರಿಸಿದ್ದೆ.

ಶಿರಾಕ್ಕೆ ಹೋದೆ. ಗಫಾರ್ ಸಾಬರ ಮಗಳು ಜೈನಾಬಿ ಅದೇ ಹಳೆಯ ಮನೆಯಲ್ಲಿದ್ದಾರೆ. ಅವರಿಗೂ ಈಗ ವಯಸ್ಸಾಗಿದೆ. ಷೆಡ್ಡಿನಲ್ಲಿ ಕೆಲಸ ಸಿಗದ ಆಕೆಯ ಗಂಡ ರಹೀಮ್ ಸೈಕಲ್ ಅಂಗಡಿ ಇಟ್ಟಿದ್ದನಂತೆ. ಪಂಪಿನ ಪಿನ್ನಿಗೂ ಬೆಸುಗೆ ಹಾಕೆಂದು ಯಾರೂ ಕೇಳಲಿಲ್ಲವಂತೆ. ಈಗ ಅವನೂ ಇಲ್ಲ. ನಾನು ಯಾರೆಂದು ಹೇಳಿದ ಮೇಲೆ ಆಕೆ ಕುರ್ಚಿ ಹಾಕಿ ಚಹ ಕೊಟ್ಟರು. ನನ್ನ ಮೇಲೆ ಸಿಟ್ಟೇನೂ ಕಾಣಲಿಲ್ಲ. ಅದೇ ನನಗೆ ಕಷ್ಟವಾಯಿತು. ಸೋಮವಾರ ಷೆಡ್ಡಿನಿಂದ ಬಂದಾಗ ಅವರ ತಂದೆ ಆ ಕೊಳವೆಯ ಬಗ್ಗೆ ಏನಾದರೂ ಹೇಳಿದ್ದರೇ ಎಂದು ಕೇಳಿದೆ. ಹೌದು, ನನಗೆ ಹೇಳಿಯೇ ಬಂದಿದ್ದರು ಎಂಬ ಉತ್ತರಕ್ಕಾಗಿ ನಾನು ಹೋಗಿದ್ದೆ ಎಂದು ಈಗ ಅನ್ನಿಸುತ್ತದೆ. ಆಗ ದಿನಚರಿಯಾದರೂ ನೆಟ್ಟಗಾಗುತ್ತಿತ್ತು.

“ಸೋಮವಾರ ಏನೂ ಹೇಳ್ಲಿಲ್ಲ ಸಾಬ್. ಬಂದೋರೇ ಮಲಗ್ಬುಟ್ರು,” ಎಂದರು ಜೈನಾಬಿ. “ಮಂಗಳವಾರದಿಂದ ಒಂದೇ ಮಾತು. ತಟ್ಟಿ ನೋಡಿಲ್ಲ ಕಣಮ್ಮ, ಹೋಗಿ ನೋಡಿ ಹೇಳ್ಬುಟ್ಟು ಬತ್ತೀನಿ ಅಂತ. ಚಾದರ ಕಿತ್ತಾಕಿ ಎದ್ದು ಕುಂತ್ಕಳೋರು. ನಾನೂ ಅಮ್ಮನೂ ಕೈ ಹಿಡ್ದು ಮಲಗಿಸೋದು. ಜ್ವರದಾಗೆ ಅಂತಾರೆ ಅಂದ್ಕಂಡ್ವಿ.”

ಗೋಡೆಯ ಗೂಡಿನಲ್ಲಿ ಹುಣಸೆಯ ಕೋಲು ಇತ್ತು. ಆಕೆ ಅದನ್ನು ನೋಡುತ್ತ ಮಾತು ಮುಂದುವರಿಸಿದರು.

“ಹೋಗಕ್ಕೆ ಬುಟ್ಟಿದ್ರೆ ಹೇಳ್ಬುಟ್ಟು ಬರೋರು, ಅವರ ಹೆಸ್ರು ಉಳೀತಿತ್ತು ಅಂತ ಅಮ್ಮ ಸಾಯೋವರ್ಗೂ ಅಂತಿದ್ರು. ನಾವೇ ಹಿಡ್ದು ಕೂರಿಸ್ದ್ವಿ ಅಂತ.”

ದಿನಚರಿ ನನ್ನ ಚೀಲದಲ್ಲಿತ್ತು. ತೋರಿಸಬೇಕೆಂದು ತಂದಿದ್ದೆ. ಆಕೆಗೆ ಓದು ಬರುವುದಿಲ್ಲವೆಂದು ತಿಳಿಯಿತು. ಅದನ್ನು ತೆಗೆಯಲಿಲ್ಲ.

“ಅವರು ಬಂದು ಹೇಳಿದರಮ್ಮ,” ಎಂದೆ. “ಶುಕ್ರವಾರ ಮಧ್ಯಾಹ್ನ ಬಂದರು. ಮೂರು ಸಲ ತಟ್ಟಿ ನೋಡಿ, ಒಂದು ಮಾತಾಡ್ತಿಲ್ಲ ಅಂದರು. ನಾನೇ ಇರಲಿ ಅಂದೆ. ತಪ್ಪು ಅವರದ್ದಲ್ಲ, ನನ್ನದು. ಆವತ್ತು ಅದನ್ನು ಯಾರಿಗೂ ಹೇಳಲಿಲ್ಲ.”

ಜೈನಾಬಿ ಬೆರಳು ಮಡಿಸಿ ಏನೋ ಎಣಿಸಿದಂತಿತ್ತು. ಬುಧವಾರ, ಗುರುವಾರ. ಬೆರಳು ಅಲ್ಲೇ ನಿಂತಿತು. ಹೇಗೆ ಬಂದರು ಎಂದು ಕೇಳುತ್ತಾರೆಂದು ನಾನು ಕಾದೆ. ಅವರು ಎದ್ದು ಹೋಗಿ ಗೂಡಿನಿಂದ ಹುಣಸೆಯ ಕೋಲನ್ನು ತೆಗೆದು, ಸೆರಗಿನಿಂದ ಧೂಳು ಒರೆಸಿ, ನನ್ನ ಕೈಗೆ ಕೊಟ್ಟರು.

“ಜುಮ್ಮಾ ಅಲ್ವಾ ಸಾಬ್,” ಎಂದರು. “ನಮಾಜ್ ಮುಗಿಸ್ಕಂಡು ಬಂದಿರ್ತಾರೆ.”